ಕುದುರೆಗೆ ಪಥ್ಯ ಹೇಳಿದ ಅತ್ತೆ

ನಮ್ಮ ಅತ್ತೆಗೆ ಮನುಷ್ಯರ ಮುಖ ನೆನಪಿರುವುದಿಲ್ಲ. ಕಣ್ಣಿನ ಕೆಳರೆಪ್ಪೆಯ ಒಳಗಿನ ಬಣ್ಣ ಮಾತ್ರ ನೆನಪಿರುತ್ತದೆ! ಎದುರು ಸಿಕ್ಕವರನ್ನು ನಾವೆಲ್ಲ ಆರಾಮಾ ಎಂದು ಕೇಳುತ್ತೇವೆ. ನನ್ನ ಅಪ್ಪನ ಈ ಅಕ್ಕ ಮಾತ್ರ ಸೀದಾ ಹೆಬ್ಬೆರಳು ಚಾಚಿ, ರೆಪ್ಪೆಯನ್ನು ಕೆಳಕ್ಕೆ ಜಗ್ಗಿ, ಮುಖವನ್ನು ಬೆಳಕಿಗೆ ತಿರುಗಿಸಿ, ಅಡ್ಡಿಲ್ಲ ಎಂದು ಬಿಡುತ್ತಾಳೆ. ಮಾತುಕತೆ ಏನಿದ್ದರೂ ಆಮೇಲೆ. ನಾನು ಹೆಣ್ಣು ನೋಡಲು ಹೋದ ದಿನ ಉಳಿದವರು ಹುಡುಗಿಯ ಓದು, ಅಡುಗೆ ವಿಚಾರಿಸುತ್ತಿದ್ದರೆ ಅತ್ತೆ ಎದ್ದು ಹೋಗಿ ಅವಳ ರೆಪ್ಪೆ ಜಗ್ಗಿ ನೋಡಿ ಬಂದು, ಲಿವರ್ ಚೊಲೋ ಇದೆ, ಇನ್ನು ತಡ ಮಾಡಬೇಡಿ ಎಂದು ತೀರ್ಪು ಕೊಟ್ಟಳು. ನಮ್ಮ ಸಂಸಾರ ನಿಂತಿರುವುದು ತನ್ನ ಲಿವರಿನ ಮೇಲೆ ಎಂದು ನನ್ನ ಹೆಂಡತಿ ಈಗಲೂ ಜಗಳದ ಮಧ್ಯೆ ನೆನಪಿಸುತ್ತಾಳೆ.

ಅತ್ತೆ ಅಂಕೋಲೆಯ ಹತ್ತಿರದ ಹಳ್ಳಿಯಲ್ಲಿ ಅರಿಶಿನ ಕಾಮಾಲೆಗೆ ಮದ್ದು ಕೊಡುತ್ತಾಳೆ. ಎಲೆಯೊಂದು, ಬೇರೊಂದು ಅರೆದು ಮಾಡಿದ ಉಂಡೆ. ಯಾವ ಎಲೆ, ಯಾವ ಬೇರು ಎಂದು ಕೇಳಿದವರಿಗೆ ಅವಳು ಹವಾಮಾನದ ಸುದ್ದಿ ಹೇಳುತ್ತಾಳೆ. ಮದ್ದಿಗಿಂತ ದೊಡ್ಡದು ಪಥ್ಯ. ಉಪ್ಪಿಲ್ಲ, ಎಣ್ಣೆಯಿಲ್ಲ, ಮೆಣಸಿಲ್ಲ, ಮೀನಂತೂ ಕನಸಿನಲ್ಲೂ ಬರಬಾರದು. ಒಂಬತ್ತು ದಿನ ಬರೀ ತಿಳಿಗಂಜಿ. ಇಷ್ಟಾದರೆ ನಾಡಿನ ಮದ್ದಿನವರೆಲ್ಲ ಹೇಳುವುದೇ. ನಮ್ಮ ಅತ್ತೆಯದು ಮುಂದಿನ ಹೆಜ್ಜೆ: ರೋಗಿ ಪಥ್ಯ ಮಾಡುವಷ್ಟು ದಿನವೂ, ಮದ್ದು ಕೊಟ್ಟವಳು ಅದನ್ನೇ ಮಾಡಬೇಕು. ರೋಗಿಗೆ ಗಂಜಿ ಹೇಳಿ ತಾನು ಹುಳಿ ಸುರಿದುಕೊಂಡರೆ ಮದ್ದು ತಾಗುವುದಿಲ್ಲವಂತೆ. ಮದ್ದು ಕಲಿಸಿದ ಅವಳ ಗಂಡನ ತಾಯಿ ಹಾಗೇ ಮಾಡಿದ್ದಳು, ಇವಳೂ ಹಾಗೇ.

ಸಮುದ್ರದ ಬದಿಯಲ್ಲಿ ಹುಟ್ಟಿ, ಮೀನೆಂದರೆ ಪ್ರಾಣ ಬಿಡುವ ಹೆಂಗಸು ಇಂಥ ವ್ರತ ಹಿಡಿಯುವುದೆಂದರೆ ಏನೆಂದುಕೊಂಡಿರಿ? ಚಿಕ್ಕಂದಿನಲ್ಲಿ ರಜೆಗೆ ನಾವು ಅವಳ ಮನೆಗೆ ಹೋದಾಗ ನೋಡಬೇಕಿತ್ತು. ಒಲೆಯ ಮೇಲೆ ಬಂಗಡೆ ಹುಳಿ ಕುದಿಯುತ್ತಿರುತ್ತದೆ. ಅತ್ತೆ ತಾಟು ಹಾಕಿಕೊಂಡು ಕೂತಿರುತ್ತಾಳೆ. ಅಷ್ಟರಲ್ಲಿ ಅಂಗಳದಲ್ಲಿ ಯಾರೋ ಕೆಮ್ಮುತ್ತಾರೆ. ಅತ್ತೆ ಎದ್ದು ಹೋಗಿ ರೆಪ್ಪೆ ಜಗ್ಗಿ, ಒಂದು ದೊಡ್ಡ ಉಸಿರು ಬಿಟ್ಟು ಒಳಗೆ ಬಂದು, ತನ್ನ ತಾಟಿನ ಬಂಗಡೆಯನ್ನು ನನ್ನ ತಾಟಿಗೆ ಹಾಕಿ ಗಂಜಿ ಬಸಿಯಲು ಹೋಗುತ್ತಾಳೆ. ಅಲ್ಲಿಗೆ ಒಂಬತ್ತು ದಿನದ ಮೀನು ನಮ್ಮದು! ನಾನು ಊರಿನವರಿಗೆಲ್ಲ ಕಾಮಾಲೆ ಬರಲಿ ಎಂದು ದೇವರಿಗೆ ಕೈ ಮುಗಿದದ್ದೂ ಉಂಟು. ದೇವರು ನನ್ನ ಮಾತು ಬಹಳ ಸಲ ನಡೆಸಿಕೊಟ್ಟಿದ್ದಾನೆ.

ಒಬ್ಬನ ಪಥ್ಯ ಮುಗಿಯುವ ಮುಂಚೆ ಇನ್ನೊಬ್ಬ ಬರುತ್ತಿದ್ದ. ಹೀಗೆ ನಲವತ್ತು ವರ್ಷ. ಅದಕ್ಕೇ ಅತ್ತೆ ಒಂದು ಉಪಾಯ ಮಾಡಿಕೊಂಡಿದ್ದಳು. ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗೆ ಇಳಿದ ಮೇಲೆ ವರ್ಷಕ್ಕೊಮ್ಮೆ, ಯಾರಿಗೂ ಹೇಳದೆ, ಕಾರವಾರದ ಬಸ್ಸು ಹತ್ತಿ ಹಬ್ಬುವಾಡದ ನಮ್ಮ ಮನೆಗೆ ಬಂದುಬಿಡುತ್ತಾಳೆ. ಎಂಟು ದಿನ ಮೀನು ತಿನ್ನಲಿಕ್ಕೆ! ಕಾಶಿಗೆ ಹೋಗುವವರೂ ಅಷ್ಟು ಶ್ರದ್ಧೆಯಿಂದ ಹೊರಡುವುದಿಲ್ಲ. ಮದ್ದಿನ ಚೀಲ ತರುವುದಿಲ್ಲ. ದಾರಿಯಲ್ಲಿ ಯಾರ ಕಣ್ಣೂ ಕಾಣದಿರಲೆಂದು ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂರುತ್ತಾಳೆ.

ಹೋದ ವರ್ಷವೂ ಬಂದಳು. ಬಂದ ದಿನ ಸಂಜೆ, ಬಂಗಡೆ ಮಸಾಲೆಯಲ್ಲಿ ನೆನೆಯುತ್ತಿರಲಿ, ಅಷ್ಟರಲ್ಲಿ ಗಾಳಿಗೆ ಹೋಗಿ ಬರೋಣ ಎಂದು ನಾನೇ ಅವಳನ್ನು ಬೀಚಿಗೆ ಕರೆದುಕೊಂಡು ಹೋದೆ. ನನ್ನ ಬುದ್ಧಿಗೆ ಏನು ಹೇಳಲಿ!

ಬೀಚಿನಲ್ಲಿ ಮಕ್ಕಳನ್ನು ಕೂರಿಸಿ ಸುತ್ತು ಹಾಕಿಸುವ ಕುದುರೆಯೊಂದಿದೆ. ಬಿಳಿ ಹೆಣ್ಣು ಕುದುರೆ, ಹೆಸರು ಮೋತಿ. ಅವತ್ತು ಅದು ತಲೆ ತಗ್ಗಿಸಿ ನಿಂತಿತ್ತು. ನದಿಯಾಚೆಯ ಚಿತ್ತಾಕುಲದವನಾದ ಅದರ ಯಜಮಾನ ಪಕ್ಕದಲ್ಲಿ ಅದಕ್ಕಿಂತ ತಲೆ ತಗ್ಗಿಸಿ ಕೂತಿದ್ದ. ಅತ್ತೆ ನಿಂತಳು. ಅತ್ತೇ ನಡಿ, ಅದು ಕುದುರೆ ಎಂದು ನಾನು ಕೈ ಹಿಡಿದು ಎಳೆದೆ. ಎಳೆಯುತ್ತಿದ್ದ ಹಾಗೇ ಅವಳ ಹೆಬ್ಬೆರಳು ಕುದುರೆಯ ಕಣ್ಣಿಗೆ ಹೋಗಿಯಾಗಿತ್ತು. ಮೋತಿ ಒದೆಯಲೂ ಇಲ್ಲ, ಕಚ್ಚಲೂ ಇಲ್ಲ. ಕಣ್ಣಿನ ಬಿಳಿಭಾಗವೆಲ್ಲ ಅರಿಶಿನ ಕದಡಿದ ಹಾಗಿತ್ತು. ತುಟಿ ಎತ್ತಿ ನೋಡಿದರೆ ವಸಡೂ ಹಳದಿ.

ಯಜಮಾನ ಅಳುವುದೊಂದು ಬಾಕಿ. ಮೂರು ದಿನದಿಂದ ಹುಲ್ಲು ಮುಟ್ಟುತ್ತಿಲ್ಲ, ಪಶು ಡಾಕ್ಟರು ರಜೆಯಲ್ಲಿದ್ದಾರೆ, ಗುರುವಾರ ಬರುತ್ತಾರಂತೆ, ಲಿವರ್ ಹೋಗಿದೆ ಎಂದು ಅವರಿವರು ಹೇಳುತ್ತಿದ್ದಾರೆ ಎಂದ. ಅವನ ಮನೆ ನಡೆಯುವುದು ಆ ಒಂದೇ ಕುದುರೆಯ ಬೆನ್ನಿನ ಮೇಲೆ. ಅತ್ತೆ ಒಮ್ಮೆ ಕುದುರೆಯನ್ನು ನೋಡಿದಳು, ಒಮ್ಮೆ ನಮ್ಮ ಮನೆಯ ದಿಕ್ಕಿಗೆ ನೋಡಿದಳು. ಆಮೇಲೆ ಆ ದೊಡ್ಡ ಉಸಿರು ಬಿಟ್ಟಳು. ನನಗೆ ಅರ್ಥವಾಯಿತು. ಮಸಾಲೆಯಲ್ಲಿ ನೆನೆಯುತ್ತಿದ್ದ ಬಂಗಡೆಯೆಲ್ಲ ಮತ್ತೆ ನನ್ನ ಪಾಲಾಗಿತ್ತು.

ಮರುದಿನ ಮೊದಲ ಬಸ್ಸಿಗೆ ಅಂಕೋಲೆಗೆ ಹೋಗಿ, ಎಲೆ ಬೇರು ತಂದು, ಕಾಳಿ ನದಿ ದಾಟಿ ಚಿತ್ತಾಕುಲದ ಆ ಕೊಟ್ಟಿಗೆಗೆ ಅವಳು ಹಾಜರು. ಹಿಂದೆ ನಾನು, ಆಫೀಸಿಗೆ ಅರ್ಧ ದಿನ ರಜೆ ಹಾಕಿ. ರಜೆಯ ಅರ್ಜಿಯಲ್ಲಿ ಕಾರಣ ಏನು ಬರೆಯಲಿ? ಹತ್ತಿರದವರೊಬ್ಬರಿಗೆ ಕಾಮಾಲೆ ಎಂದು ಬರೆದೆ. ಮನುಷ್ಯನಿಗೆ ಅಡಿಕೆಯಷ್ಟು ಉಂಡೆ, ಸರಿ. ಕುದುರೆಗೆ ಎಷ್ಟು? ಹೊರುವುದರಲ್ಲಿ ನಾಲ್ಕು ಜನಕ್ಕೆ ಸಮ, ಓಡುವುದರಲ್ಲಿ ಹತ್ತು ಜನಕ್ಕೆ ಸಮ, ಆದ್ದರಿಂದ ಏಳು ಉಂಡೆ ಎಂದು ಅತ್ತೆ ಲೆಕ್ಕ ಮಾಡಿದಳು. ಮೋತಿ ಏಳನ್ನೂ ಒಂದು ಗಳಿಗೆ ಬಾಯಲ್ಲಿಟ್ಟುಕೊಂಡು, ಯೋಚಿಸಿ, ನನ್ನ ಅಂಗಿಯ ಮೇಲೆ ಉಗುಳಿತು. ಆ ಅಂಗಿ ಈಗಲೂ ಇದೆ, ಹಸಿರಾಗಿ.

ಮದ್ದು ಹೋಗದಿದ್ದರೆ ಹೋಯಿತು, ಪಥ್ಯ ನಡೆಯಲಿ ಎಂದಳು ಅತ್ತೆ. ಹುರಳಿ ಕೊಡಬೇಡ, ಹಿಂಡಿ ಬೇಡ, ಬೆಲ್ಲ ಬೇಡ, ತಿಳಿಗಂಜಿ ಮಾತ್ರ. ಯಜಮಾನ ಬೆಲ್ಲ ಕಲಸಿದ ತೌಡನ್ನಾದರೂ ನೆಕ್ಕೀತೇನೋ ಎಂದು ಬುಟ್ಟಿ ಹಿಡಿದು ಬಂದರೆ ಅವಳು ಗದರಿ ವಾಪಸು ಕಳಿಸಿದಳು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಚಿತ್ತಾಕುಲ. ಕುದುರೆಯ ಎದುರು ಮಣೆ ಹಾಕಿಕೊಂಡು ಕೂತು, ಅದಕ್ಕೊಂದು ಬಾಲ್ದಿ ಗಂಜಿ, ತನಗೊಂದು ಲೋಟ ಗಂಜಿ. ಕುದುರೆ ಮೂಸಿ ಬಿಡುತ್ತಿತ್ತು. ಇವಳು ಉಪ್ಪಿಲ್ಲದೆ ಕುಡಿಯುತ್ತಿದ್ದಳು. ಹಳದಿ ಮಾತ್ರ ದಿನದಿಂದ ದಿನಕ್ಕೆ ಏರಿತು.

ಗುರುವಾರ ಡಾಕ್ಟರು ಬಂದರು. ಇನ್ನೂ ಚಿಕ್ಕ ವಯಸ್ಸಿನ ಹುಡುಗಿ. ಕುದುರೆಯ ರಕ್ತ ತೆಗೆದು, ಬಾಯಿ ಅಗಲಿಸಿ ಟಾರ್ಚು ಹಾಕಿ ನೋಡಿದರು. ದವಡೆ ಹಲ್ಲೊಂದು ಚೂಪಾಗಿ ಬೆಳೆದು ಕೆನ್ನೆಯ ಒಳಗೆ ಹುಣ್ಣು ಮಾಡಿತ್ತು. ಅಗಿಯಲಿಕ್ಕೆ ನೋವು, ಅದಕ್ಕೇ ಹುಲ್ಲು ಬಿಟ್ಟಿದೆ ಎಂದರು. ಹಾಗಾದರೆ ಹಳದಿ ಎಂತಕ್ಕೆ ಎಂದು ಅತ್ತೆ ಸವಾಲು ಹಾಕಿದಳು.

"ಅಜ್ಜಿ, ಕುದುರೆಗೆ ಪಿತ್ತಕೋಶವೇ ಇರೂದಿಲ್ಲ. ಎರಡು ಮೂರು ದಿನ ಹೊಟ್ಟೆಗೆ ಬೀಳದಿದ್ರೆ ಸಾಕು, ಕಣ್ಣು ಹಳದಿ ಆಗ್ತದೆ. ಲಿವರ್ ಕೆಟ್ರೂ ಆಗ್ತದೆ, ಅದನ್ನ ರಕ್ತ ನೋಡಿ ಹೇಳ್ತೆ. ಆದ್ರೆ ಹಳದಿ ಕಂಡ್ರೆ ಮೊದ್ಲು ಕೇಳೂದು, ಇದು ಉಂಡು ಎಷ್ಟು ದಿನ ಆಯ್ತು ಅಂತ."

ನಾನು ಅತ್ತೆಯ ಮುಖ ನೋಡಲು ಹೆದರಿದೆ. ನಲವತ್ತು ವರ್ಷ ಯಾರ ಮಾತನ್ನೂ ಕೇಳದ ಹೆಂಗಸು. ಈಗ ಈ ಹುಡುಗಿಯ ಗ್ರಹಚಾರ ಬಿಡಿಸುತ್ತಾಳೆ ಎಂದುಕೊಂಡೆ. ಅತ್ತೆ ಎದ್ದಳು. ಮೋತಿಯ ಮೂಗಿನ ಮೇಲೆ ಕೈ ಇಟ್ಟಳು.

"ಹಸಿದದ್ದಕ್ಕೆ ಪಥ್ಯ ಹೇಳ್ದೆ ನಾನು," ಎಂದಳು. "ತಪ್ಪು ನಂದೇ."

ಅಷ್ಟೇ. ಯಜಮಾನ ಕೇಳುವ ಹಾಗೆ, ಡಾಕ್ಟರು ಕೇಳುವ ಹಾಗೆ, ಕುದುರೆ ಕೇಳುವ ಹಾಗೆ ಹೇಳಿದಳು. ನನ್ನ ಆಫೀಸಿನಲ್ಲಿ ಇಷ್ಟು ವರ್ಷದಲ್ಲಿ ಒಬ್ಬರೂ ಈ ಮಾತು ಹೇಳಿದ್ದನ್ನು ನಾನು ಕೇಳಿಲ್ಲ, ನಾನೂ ಹೇಳಿಲ್ಲ.

ಡಾಕ್ಟರು ಅರ ಹಾಕಿ ಹಲ್ಲು ತಿಕ್ಕಿ ನುಣ್ಣಗೆ ಮಾಡಿದರು. ನಾಳೆಯೊಳಗೆ ತಿನ್ನಬೇಕು, ತಿನ್ನದಿದ್ದರೆ ಕಷ್ಟ ಎಂದು ಹೇಳಿ ಹೋದರು. ಅತ್ತೆ ತನ್ನ ಲೋಟದ ಗಂಜಿಯನ್ನು ತೆಂಗಿನ ಬುಡಕ್ಕೆ ಚೆಲ್ಲಿದಳು. ಕುದುರೆ ಬಾಯಿಗೆ ಹಾಕುವ ತನಕ ತಾನೂ ಹಾಕುವುದಿಲ್ಲವಂತೆ! ವಯಸ್ಸು ಎಪ್ಪತ್ತು ದಾಟಿದೆ, ಮಾರಾಯ್ತಿ, ಬಿದ್ದರೆ ಏನು ಗತಿ ಎಂದು ನಾನು ಕೂಗಾಡಿದೆ. ನನ್ನ ಹೆಂಡತಿ ಫೋನಿನಲ್ಲಿ ಅತ್ತಳು. ಅತ್ತೆ ಯಾವುದಕ್ಕೂ ಜಗ್ಗಲಿಲ್ಲ. ಅವತ್ತು ಯಜಮಾನನ ಮನೆಯಲ್ಲೇ ಉಳಿದಳು.

ಮರುದಿನ ಬೆಳಿಗ್ಗೆ ನಾನು ಹೋದಾಗ ಅವಳು ಗೋಡೆಗೆ ಒರಗಿ ಕೂತಿದ್ದಳು. ಮಡಿಲಲ್ಲಿ ಗದ್ದೆಯ ಅಂಚಿನ ಎಳೇ ಹುಲ್ಲು. ಒಂದೊಂದೇ ಎಸಳು ಎತ್ತಿ ಮೋತಿಯ ತುಟಿಗೆ ಹಿಡಿಯುತ್ತಿದ್ದಳು. ತಿನ್ನು ಮಗಾ, ಇನ್ನು ಪಥ್ಯ ಹೇಳೂದಿಲ್ಲ ಎಂದು ಮೆಲ್ಲಗೆ ಬೇಡಿಕೊಳ್ಳುತ್ತಿದ್ದಳು. ಮೋತಿ ಮೂಸಿತು. ಕಿವಿ ಆಡಿಸಿತು. ಒಂದು ಎಸಳು ಕಚ್ಚಿ ನಿಧಾನಕ್ಕೆ ಅಗಿದು ನೋಡಿತು. ಆಮೇಲೆ ಮಡಿಲಿಗೇ ಬಾಯಿ ಹಾಕಿತು. ಹುಲ್ಲು ಮುಗಿದು ಅವಳ ಸೀರೆಯ ಸೆರಗನ್ನೂ ಅಗಿಯತೊಡಗಿದಾಗ ಯಜಮಾನ ಬೆಲ್ಲದ ತೌಡು ಹೊತ್ತು ಓಡಿ ಬಂದ. ಮಧ್ಯಾಹ್ನ ಡಾಕ್ಟರ ಫೋನು ಬಂತು. ರಕ್ತ ಚೊಲೋ ಇದೆ, ಲಿವರಿಗೆ ಏನೂ ಆಗಿಲ್ಲ.

ಮನೆಗೆ ಬಂದೆವು. ಹೆಂಡತಿ ಬಂಗಡೆ ಹುಳಿ ಮಾಡಿಟ್ಟಿದ್ದಳು. ಅತ್ತೆ ತಾಟಿನ ಮುಂದೆ ಕೂತು ಮೊದಲ ತುತ್ತು ಕಲಸಿದಳು. ನನಗೇನು ಅನ್ನಿಸಿತೋ, ಅತ್ತೇ ತಡಿ ಎಂದು ನಾನು ಹೆಬ್ಬೆರಳಿನಿಂದ ಅವಳ ರೆಪ್ಪೆಯನ್ನು ಕೆಳಕ್ಕೆ ಜಗ್ಗಿದೆ. ಊರಿನ ಕಣ್ಣೆಲ್ಲ ನೋಡಿದವಳ ಕಣ್ಣನ್ನು ಇಷ್ಟು ವರ್ಷ ಯಾರೂ ನೋಡಿರಲಿಲ್ಲ. ಒಳಗೆ ಹಳದಿ ಇರಲಿಲ್ಲ. ಇರಬೇಕಾದ ರಕ್ತದ ಕೆಂಪೂ ಇರಲಿಲ್ಲ. ತಿಳಿಗಂಜಿಯ ಬಣ್ಣ.

"ಎಂತಾ ಕಂಡ್ತಾ, ತಮಾ?" ಎಂದು ಕೇಳಿದಳು.

ನಾಳೆ ಅವಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕು ಎಂದು ಹೆಂಡತಿಗೆ ಕಣ್ಸನ್ನೆ ಮಾಡಿದೆ. ಚಿಕ್ಕಂದಿನಲ್ಲಿ ದೇವರಿಗೆ ಕೈ ಮುಗಿದು ನಾನು ತಿಂದ ಮೀನೆಲ್ಲ ಇವಳ ತಾಟಿನದೇ ಆಗಿತ್ತು. ನನ್ನ ತಾಟಿನಲ್ಲಿದ್ದ ಬಂಗಡೆಯನ್ನು ಎತ್ತಿ ಅವಳ ತಾಟಿಗೆ ಹಾಕಿದೆ.