ಮೊದಲ ಮಾತು ಹೊಸಬರದು

ಬಾಯಿ ಸುಮ್ಮನಿರದವರು ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ವಿಳಾಸ ಕೇಳಿಕೊಂಡು ಮನೆ ಬಾಗಿಲಿಗೆ ಬರುತ್ತವೆ. ನನ್ನ ಹತ್ತಿರವಂತೂ ಚಿಕ್ಕಂದಿನಿಂದ ಬರುತ್ತಲೇ ಇವೆ. ಆದರೆ ಅರವತ್ತರ ದಶಕದಲ್ಲಿ, ಬಿ.ಎಸ್ಸಿ. ಓದುತ್ತಿದ್ದಾಗ, ಬೇಸಿಗೆ ರಜೆಯಲ್ಲಿ ಮೈಸೂರಿನ ಮಂಡಿ ಮೊಹಲ್ಲಾದ ಒಂದು ಊದುಬತ್ತಿ ಕಾರ್ಖಾನೆಗೆ ತರಬೇತಿಗೆ ಹೋದೆನಲ್ಲ, ಅಲ್ಲಿ ಬಂದಷ್ಟು ಮತ್ತೆಲ್ಲೂ ಬರಲಿಲ್ಲ. ಅಂಥದ್ದೊಂದು ಜಾಗ ನಿಜವಾಗಿಯೂ ಇತ್ತೇ ಎಂದು ಈಗಲೂ ಒಮ್ಮೊಮ್ಮೆ ಬೆರಗಾಗುತ್ತೇನೆ.

ಷರತ್ತು

ನಮ್ಮ ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ತಾತ ಊರಲ್ಲಿ ರಾಗಿ ಬೆಳೆಯುತ್ತಿದ್ದವರು. ಅಪ್ಪ ಓದಿ, ಮೈಸೂರು ಸೇರಿ, ಕೃಷ್ಣಮೂರ್ತಿಪುರಂನಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಮೇಲಿನವರು ಏನಂದರೂ "ತಮ್ಮ ಚಿತ್ತ" ಎನ್ನುವುದು ಅವರ ಪದ್ಧತಿ. ಸುಡುಬಿಸಿಲಲ್ಲಿ ಆಫೀಸರು "ಮಳೆ ಬರೋ ಹಾಗಿದೆ" ಅಂದರೆ ಅಪ್ಪ ಕೊಡೆ ಹುಡುಕುತ್ತಿದ್ದರು.

ಅಂಥವರಿಗೆ ನಾನು ಮಗಳು. ಒಮ್ಮೆ ಆ ಆಫೀಸರು ನಮ್ಮ ಮನೆಗೆ ಬಂದಾಗ ಅಮ್ಮ ಗಡಿಬಿಡಿಯಲ್ಲಿ ಕೇಸರಿಬಾತಿನ ತಳ ಹತ್ತಿಸಿಬಿಟ್ಟಳು. ಅವರು ಒಂದು ಚಮಚ ಬಾಯಿಗಿಟ್ಟು "ಭೇಷ್, ಸೊಗಸಾಗಿದೆ" ಅಂದರು. ಅಪ್ಪ ಕೈ ಮುಗಿದರು. ಬಾಗಿಲ ಸಂದಿಯಿಂದ ನಾನು, "ಸೀದ ವಾಸನೆ ನಿಮಗೆ ಬರ್ತಾನೇ ಇಲ್ವಾ ಸಾರ್?" ಎಂದೆ. ಅಂದಿನಿಂದ ಮನೆಗೆ ಯಾರೇ ಬಂದರೂ ನನ್ನನ್ನು ಹೂ ಬಿಡಿಸಲು ಹಿತ್ತಲಿಗೆ ಕಳಿಸುತ್ತಿದ್ದರು. ಗಿಡದಲ್ಲಿ ಹೂವಿದ್ದರೂ ಸರಿ, ಇಲ್ಲದಿದ್ದರೂ ಸರಿ.

ನನಗೋ ಎಂ.ಎಸ್ಸಿ. ಓದುವ ಹುಚ್ಚು. ಊಟ ಬೇಕಾದರೂ ಬಿಡುತ್ತೇನೆ, ಓದು ಬಿಡುವುದಿಲ್ಲ ಎನ್ನುವಷ್ಟು. ರಸಾಯನಶಾಸ್ತ್ರದ ಮೇಡಂ ಈ ತರಬೇತಿಯನ್ನು ಗೊತ್ತುಮಾಡಿದಾಗ ಅಪ್ಪ ಯೋಚಿಸಿ ಯೋಚಿಸಿ ಒಂದು ಷರತ್ತು ಹಾಕಿದರು.

"ಹೋಗು. ಆದ್ರೆ ರಜ ಮುಗಿಯೋವರ್ಗೂ ಅಲ್ಲಿ ದೊಡ್ಡೋರ ಎದುರು ಎದುರುಮಾತು ಆಡಕೂಡದು. ಬಾಯಿ ಮುಚ್ಕೊಂಡಿದ್ರೆ ಎಂ.ಎಸ್ಸಿ.ಗೆ ಕಳಿಸ್ತೀನಿ. ಏನಾದ್ರೂ ಅಂದ್ಬುಟ್ಟೆಯೋ, ಓದು ಅಲ್ಲಿಗೇ ಮುಗೀತು."

"ಬಾಯಿ ಮುಚ್ಕೊಂಡು ಕೆಲಸ ಕಲಿಯೋದು ಹೇಗಪ್ಪಾ?" ಎಂದೆ.

ಅಪ್ಪ ಅಮ್ಮನ ಕಡೆ ತಿರುಗಿ, "ನೋಡಿದ್ಯಾ? ಇನ್ನೂ ಹೊಸ್ತಿಲೇ ದಾಟಿಲ್ಲ!" ಎಂದರು.

ಮಲ್ಲಿಗೆ ಮತ್ತು ಈರುಳ್ಳಿ

ಮೊದಲ ದಿನ ತಲೆಗೆ ಘಮಘಮಿಸುವ ಎಣ್ಣೆ ಹಚ್ಚಿ, ಮುಖಕ್ಕೆ ಪೌಡರು ಬಳಿದು, ಒಂದು ಮೊಳ ಮಲ್ಲಿಗೆ ಮುಡಿದು ಹೋದೆ. ಕಾರ್ಖಾನೆಯ ಬಾಗಿಲಲ್ಲಿ ವಯಸ್ಸಾದ ಹೆಂಗಸೊಬ್ಬರು ಸ್ಟೂಲಿನ ಮೇಲೆ ಕೂತಿದ್ದರು. ಅವರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಬಂದವರನ್ನೆಲ್ಲ ಮೂಸಿ ನೋಡಿ ಒಳಗೆ ಬಿಡುವುದೇ ಅವರ ಕೆಲಸ.

"ಇದೇನವ್ವಾ, ಮದ್ವೆಗೆ ಒಂಟಿದ್ದೀಯಾ? ಊವಾ ತೆಗ್ದು ಅಲ್ಲಾಕು, ಮಕ ತೊಳ್ಕೊ" ಎಂದರು.

ಸುಗಂಧ ಬೆರೆಸುವ ಜಾಗಕ್ಕೆ ಹೊರಗಿನ ಯಾವ ವಾಸನೆಯನ್ನೂ ತರುವ ಹಾಗಿರಲಿಲ್ಲ. ಗೋಡೆಗೆ ಸಾಲಾಗಿ ಮೊಳೆ, ಒಂದೊಂದು ಮೊಳೆಗೂ ಒಬ್ಬೊಬ್ಬ ಹೆಂಗಸಿನ ಹೂವು. ಸಂಜೆ ಮನೆಗೆ ಹೋಗುವಾಗ ಅವರವರದ್ದನ್ನು ಅವರವರು ಮುಡಿದುಕೊಂಡು ಹೋಗುವುದು. ನನ್ನ ಮಲ್ಲಿಗೆಯೂ ಹೋಗಿ ಅಲ್ಲಿ ನೇತಾಡಿತು. ತಲೆಯ ಎಣ್ಣೆಯನ್ನು ಮಾತ್ರ ಮೊಳೆಗೆ ಹಾಕಲಾಗದ ಕಾರಣ, ಘಮಲು ಇಳಿಯುವವರೆಗೆ ಅಂಗಳದ ಬೆಂಚಿನ ಮೇಲೆ ಕೂರಿಸಿದರು.

ಅಷ್ಟರಲ್ಲಿ ಬಿಳಿ ಪಂಚೆ, ಕರಿ ಕೋಟಿನ ಯಜಮಾನರು ಬಂದರು. ನಾನು ದಡಕ್ಕನೆ ಎದ್ದು ನಿಂತೆ. ದೊಡ್ಡಮ್ಮ ಏಳಲೂ ಇಲ್ಲ.

"ಯಜಮಾನ್ರೇ, ಒಸಿ ಬಾಯಿ ತೆಗೀರಿ."

ಅವರು ಶಾಲೆಯ ಹುಡುಗನಂತೆ "ಆ" ಎಂದರು.

"ಈರುಳ್ಳಿ ದ್ವಾಸೆ ತಿಂದ್ಬುಟ್ಟು ಬಂದಿದ್ದೀರಿ. ಓಗಿ, ಅಲ್ಲಿ ಕುಂತ್ಕಳಿ."

"ಒಂದೇ ದೋಸೆ ಕಣಮ್ಮಾ..."

"ಒಂದಾದ್ರೇನು, ಅತ್ತಾದ್ರೇನು? ಈರುಳ್ಳಿ ಈರುಳ್ಳಿನೇ."

ಕಾರ್ಖಾನೆ ಅವರದು, ಬಾಗಿಲು ಅವರದು, ದೊಡ್ಡಮ್ಮ ಕೂತಿದ್ದ ಸ್ಟೂಲೂ ಅವರದೇ. ಆದರೂ ತುಟಿಪಿಟಕ್ಕೆನ್ನದೆ ಬಂದು ನನ್ನ ಪಕ್ಕದಲ್ಲಿ ಕೂತರು. ನಾನು ಬಿಟ್ಟ ಕಣ್ಣು ಬಿಟ್ಟಂತೆಯೇ ನೋಡಿದೆ. ಅಪ್ಪನ ಕಚೇರಿಯಲ್ಲಿ ಜವಾನ ಆಫೀಸರಿಗೆ "ಓಗಿ, ಅಲ್ಲಿ ಕುಂತ್ಕಳಿ" ಅನ್ನುವುದುಂಟೆ? ಅಂದಿದ್ದರೆ ಆ ಕಟ್ಟಡವೇ ಕುಸಿದು ಬೀಳುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಯಜಮಾನರು, ಜೈಲಿನಲ್ಲಿ ಹಳೆಯ ಕೈದಿ ಹೊಸ ಕೈದಿಯನ್ನು ವಿಚಾರಿಸುವಂತೆ ಮೆಲ್ಲಗೆ ಕೇಳಿದರು. "ನಿಮ್ಮದೇನಮ್ಮಾ?"

"ತಲೆಎಣ್ಣೆ ಸಾರ್."

ಅವರು ನಿಟ್ಟುಸಿರು ಬಿಟ್ಟರು. "ಪುಣ್ಯವಂತೆ. ಬೇಗ ಬಿಡುಗಡೆ ಆಗ್ತದೆ."

ಮೂಗಿನ ಪಂಚಾಯ್ತಿ

ಬಿಸಿಲು ಇಳಿಯುವ ಹೊತ್ತಿಗೆ ಅಲ್ಲಿ ಇನ್ನೊಂದು ಪದ್ಧತಿ ಇತ್ತು. ಬತ್ತಿ ಹೊಸೆಯುವ ಹೆಂಗಸರು, ಕಟ್ಟು ಕಟ್ಟುವವರು, ಸುಗಂಧ ಬೆರೆಸುವ ಅತ್ತರು ಸಾಬರು, ಯಜಮಾನರು, ಎಲ್ಲರೂ ಕೈ ತೊಳೆದು ಅಂಗಳದಲ್ಲಿ ದುಂಡಗೆ ನಿಲ್ಲುವುದು. ನಡುವೆ ಆ ದಿನ ಹೊಸದಾಗಿ ಹದ ಮಾಡಿದ ಒಂದೇ ಒಂದು ಬತ್ತಿ ಹಚ್ಚುವುದು. ಆಮೇಲೆ ಪ್ರತಿಯೊಬ್ಬರೂ ತಮಗೆ ಅನ್ನಿಸಿದ್ದನ್ನು ಹೇಳುವುದು. ಮೊದಲ ಮಾತು ಎಲ್ಲರಿಗಿಂತ ಹೊಸಬರದು, ಕಡೆಯ ಮಾತು ಯಜಮಾನರದು.

ಹಿಂದೆ ಯಜಮಾನರೇ ಮೊದಲು ಹೇಳುತ್ತಿದ್ದರಂತೆ. ಅವರು "ಚೆನ್ನಾಗಿದೆ" ಅನ್ನುವುದು, ಉಳಿದವರು "ಹೌದು ಹೌದು" ಅನ್ನುವುದು. ಹಾಗೆ ತಯಾರಾದ ಒಂದು ಬತ್ತಿಯನ್ನು ಭಜನೆಯಲ್ಲಿ ಹಚ್ಚಿ, ಭಕ್ತರೆಲ್ಲ ಕೆಮ್ಮುತ್ತಾ ಬೀದಿಗೆ ಓಡಿಬಂದ ಮೇಲೆ, ಯಜಮಾನರೇ ಸಾಲನ್ನು ತಿರುಗುಮುರುಗು ಮಾಡಿದರಂತೆ.

ಈಗ ಎಲ್ಲರಿಗಿಂತ ಹೊಸಬಳು ನಾನು. ಒಂದು ಕಡೆ ಅಪ್ಪನ ಷರತ್ತು, ಇನ್ನೊಂದು ಕಡೆ ಕಾರ್ಖಾನೆಯ ಪದ್ಧತಿ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಎಂ.ಎಸ್ಸಿ.ಯನ್ನು ಮನಸ್ಸಿನಲ್ಲಿ ನೆನೆದು "ಚೆನ್ನಾಗಿದೆ" ಎಂದೆ. ಮಾರನೆಯ ದಿನ ಬೇರೆ ಬತ್ತಿ ಬಂತು, ಆಗಲೂ "ಚೆನ್ನಾಗಿದೆ" ಎಂದೆ. ಅತ್ತರು ಸಾಬರು ನನ್ನ ಮುಖವನ್ನೇ ನೋಡುತ್ತಿದ್ದರು.

ಹೀಗೇ ನಡೆಯುತ್ತಿದ್ದಾಗ ಒಂದು ದಿನ, ದಿನಾ ಒಂದೇ ಮಾತು ಹೇಳಿದರೆ ಅನುಮಾನ ಬಂದೀತೆಂದು ಹೆದರಿ, ಕಣ್ಣು ಮುಚ್ಚಿ ತಲೆದೂಗಿದೆ. "ತುಂಬಾ ಚೆನ್ನಾಗಿದೆ. ಗುಲಾಬಿ ಒಂದು ಚೂರು ಮುಂದಿದೆ, ಆದ್ರೂ ಹಿತವಾಗಿದೆ."

ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಬೇಟಿ," ಎಂದರು ಸಾಬರು ಬಹಳ ಮೃದುವಾಗಿ, "ಇದಕ್ಕೆ ನಾನಿನ್ನೂ ಅತ್ತರೇ ಹಾಕಿಲ್ಲ. ಬರೀ ಇದ್ದಿಲು."

ದೇವರ ಪರವಾಗಿ

ಇದ್ದಿಲಿನಲ್ಲಿ ಗುಲಾಬಿ ಕಂಡವಳನ್ನು ಬೇರೆ ಕಡೆಯಾಗಿದ್ದರೆ ಅಂದೇ ಮನೆಗೆ ಕಳಿಸುತ್ತಿದ್ದರು. ಇಲ್ಲಿ ಎಲ್ಲರೂ ಹೊಟ್ಟೆ ತುಂಬ ನಕ್ಕು, ನನಗೂ ನಗು ಬರುವವರೆಗೆ ಬಿಡಲಿಲ್ಲ. ಯಜಮಾನರು ಕಣ್ಣೊರೆಸಿಕೊಂಡು, "ನಿಮ್ಮ ಭಯ ಏನನ್ನುತ್ತೆ ಅಂತ ಕೇಳ್ತಿಲ್ಲಮ್ಮ. ನಿಮ್ಮ ಮೂಗು ಏನನ್ನುತ್ತೆ ಹೇಳಿ, ಸಾಕು" ಎಂದರು.

ಅಂದಿನಿಂದ ಚೂರುಚೂರೇ ಹೇಳತೊಡಗಿದೆ. ಘಾಟು ಅಂದೆ, ಮಂಕು ಅಂದೆ, ಆರುವ ಹೊತ್ತಿಗೆ ಒಗರು ಅಂದೆ. ಪ್ರತಿ ಸಲವೂ ಬೈಗುಳ ಬೀಳುತ್ತದೆಂದು ತಲೆ ತಗ್ಗಿಸುತ್ತಿದ್ದೆ. ಸಾಬರೋ, "ಶಾಬಾಶ್" ಎಂದು ಹದವನ್ನೇ ಬದಲಾಯಿಸಲು ಒಳಗೆ ಓಡುತ್ತಿದ್ದರು. ನನ್ನ ಬಾಯಿಯಿಂದ ಒಬ್ಬರಿಗೆ ಉಪಕಾರವಾಗಬಹುದು ಎನ್ನುವುದು ನಮ್ಮ ವಂಶದಲ್ಲೇ ಮೊದಲ ಸುದ್ದಿ.

ಅಷ್ಟು ಹೊತ್ತಿಗೆ ಯಜಮಾನರು ತಮ್ಮದೇ ಒಂದು ಸುಗಂಧ ತಯಾರಿಸಿದರು. ಇಡೀ ಬೇಸಿಗೆ ಒಳಕೋಣೆಯಲ್ಲಿ ಕೂತು ಮಾಡಿದ್ದು. ದಸರೆಗೆ ಅದನ್ನು ತಮ್ಮ ತಾಯಿಯ ಹೆಸರಲ್ಲಿ ಹೊರಗೆ ತರಬೇಕೆಂದು ಅವರ ಆಸೆ. ಅದು ಎಲ್ಲರಿಗೂ ಗೊತ್ತಿತ್ತು. ಆ ದಿನ ಅವರು ಜರಿಯಂಚಿನ ಪಂಚೆ ಉಟ್ಟು ಬಂದು, ತಾವೇ ಕೈಯಾರೆ ಬತ್ತಿ ಹಚ್ಚಿದರು.

ಹೊಗೆ ನನ್ನ ಮೂಗಿಗೆ ತಲುಪಿತು. ನನ್ನ ಎಂ.ಎಸ್ಸಿ. ಆ ಹೊಗೆಯಲ್ಲೇ ಮೇಲೇರಿ ಮಾಯವಾಗುವುದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಸುಳ್ಳು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಆದರೆ ಅಷ್ಟೂ ಜನ ನನ್ನ ಮಾತನ್ನೇ ನಂಬಿ ಕಾಯುತ್ತಿದ್ದರು. ನನ್ನಿಂದ ಆಗಲಿಲ್ಲ.

"ಸಾರ್, ಮದುವೆಯಾದ ಮಾರನೇ ದಿನ ಬೆಳಿಗ್ಗೆ ಛತ್ರದಲ್ಲಿ ಬರುತ್ತಲ್ಲ, ಆ ವಾಸನೆ."

ಪಕ್ಕದವಳು ಮೆತ್ತಗೆ "ಬಾಡಿದ ಹಾರ" ಎಂದಳು. ಅವಳ ಪಕ್ಕದವಳು "ಅಳಸಿದ ಪಾಯಸ" ಎಂದಳು. ದೊಡ್ಡಮ್ಮ "ಒದ್ದೆ ಜಮಖಾನ" ಎಂದು ಮುಗಿಸಿದರು. ಯಜಮಾನರು ಇನ್ನೊಮ್ಮೆ ಮೂಸಿದರು. ಬತ್ತಿಯನ್ನು ಮರಳಿಗೆ ಚುಚ್ಚಿ ಆರಿಸಿದರು. ಅವರ ಮುಖ ಸಣ್ಣಗಾಗಿತ್ತು. ನೋಡಿ ನನಗೆ ಅಳುವೇ ಬಂತು.

"ನಮ್ಮಮ್ಮನ ಹೆಸರಿಡಬೇಕು ಅಂತಿದ್ದೆ. ಬಚಾವಾದ್ಲು ಮಹಾತಾಯಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಥ್ಯಾಂಕ್ಸ್ ಕಣಮ್ಮ. ನಾಳೆ ನಿಮ್ಮ ತಂದೆಯವರನ್ನ ಒಂದ್ಸಲ ಕರ್ಕೊಂಡು ಬನ್ನಿ" ಎಂದರು.

ಕಥೆ ಮುಗಿಯಿತೆಂದುಕೊಂಡೆ. ಹೊರಗೆ ಬಂದರೆ ಯಜಮಾನರ ಹೆಂಡತಿ ಗೇಟಿನ ಹತ್ತಿರ ಕಾಯುತ್ತಿದ್ದರು. ಅವರ ಮನೆ ಕಾರ್ಖಾನೆಗೆ ಅಂಟಿಕೊಂಡೇ ಇತ್ತು. ನನ್ನ ಕೈಗೆ ಒಂದು ಪೊಟ್ಟಣ ಮೈಸೂರು ಪಾಕು ತುರುಕಿ, ಪಿಸುಗುಟ್ಟಿದರು. "ಬೇಸಿಗೆ ಶುರುವಾದಾಗಿಂದ ನಮ್ಮ ದೇವರ ಮನೇಲಿ ಅದನ್ನೇ ಹಚ್ತಿದ್ರಮ್ಮ. ಇದು ನನ್ನದಲ್ಲ. ದೇವರ ಪರವಾಗಿ ತಗೋ."

ಅಪ್ಪ ಬಂದರು

ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲೂ ಇಲ್ಲ. ಸಂತಾಪಕ್ಕೆ ಹೋಗುವವರಂತೆ ಕೋಟು ತೊಟ್ಟು, ಜಟಕಾ ಹತ್ತಿದರು. "ಕಾಲಿಗೆ ಬಿದ್ದಾದ್ರೂ ಕ್ಷಮೆ ಕೇಳ್ತೀನಿ. ಆದ್ರೆ ಎಂ.ಎಸ್ಸಿ. ಮಾತ್ರ ಮರೆತುಬುಡು" ಎಂದರು. ದಾರಿಯುದ್ದಕ್ಕೂ ಅಮ್ಮ ಹೇಳಿ ಕಳಿಸಿದ ಕ್ಷಮಾಪಣೆಯನ್ನು ಬಾಯಿಪಾಠ ಮಾಡುತ್ತಿದ್ದರು. ಬಾಗಿಲಲ್ಲಿ ದೊಡ್ಡಮ್ಮ ಅವರ ನಶ್ಯದ ಡಬ್ಬಿಯನ್ನು ಕಿತ್ತಿಟ್ಟುಕೊಂಡಾಗಲೂ "ತಮ್ಮ ಚಿತ್ತ" ಎಂದರು.

ಯಜಮಾನರನ್ನು ಕಂಡೊಡನೆ ಅಪ್ಪ ಶುರುಮಾಡಿದರು. "ತಪ್ಪಾಯ್ತು ಸ್ವಾಮಿ. ಹುಡುಗಿಗೆ ಬಾಯಿ ಜಾಸ್ತಿ. ಓದು ಬಿಡಿಸ್ತೀನಿ."

ಯಜಮಾನರು ಗಾಬರಿಯಾದರು. "ಅಯ್ಯೋ, ಓದು ಯಾಕ್ರೀ ಬಿಡಿಸ್ತೀರಿ? ಎಂ.ಎಸ್ಸಿ. ಮುಗಿಸ್ಕೊಂಡು ನಮ್ಮಲ್ಲಿಗೇ ಬರಲಿ, ಒಂದು ಲ್ಯಾಬೊರೇಟರಿ ಮಾಡ್ಕೊಡ್ತೀನಿ ಅಂತ ಕೇಳೋಕೆ ನಿಮ್ಮನ್ನ ಕರೆಸಿದ್ದು."

ಅಪ್ಪನಿಗೆ ಇದು ಅರ್ಥವೇ ಆಗಲಿಲ್ಲ. ದೊಡ್ಡವರ ಕೆಲಸವನ್ನು ಚೆನ್ನಾಗಿಲ್ಲ ಎಂದದ್ದಕ್ಕೆ ಬಹುಮಾನವೇ? ಇದರಲ್ಲೇನೋ ಮೋಸವಿದೆ ಎಂಬಂತೆ, "ಬೇಡಿ ಸ್ವಾಮಿ. ನಾನು ಷರತ್ತು ಹಾಕಿದ್ದೆ, ಅವಳು ಮುರಿದಳು" ಎಂದರು.

ಆಗ ಪಂಚಾಯ್ತಿಯ ಹೊತ್ತಾಯಿತು. ಎಲ್ಲರೂ ದುಂಡಗೆ ನಿಂತರು, ಸಾಬರು ಬತ್ತಿ ಹಚ್ಚಿದರು. ಯಜಮಾನರು ಅಪ್ಪನ ಕಡೆ ನೋಡಿ, "ಇವತ್ತು ನೀವೇ ಹೊಸಬರು. ಹೇಳಿ ಸ್ವಾಮಿ" ಎಂದರು.

"ತಾವು ಹೇಗೆ ಹೇಳಿದ್ರೆ ಹಾಗೆ."

"ಇಲ್ಲಿ ನಾನು ಕಡೇಲಿ ಹೇಳೋನು."

"ತಮ್ಮ ಚಿತ್ತ."

"ನನ್ನ ಚಿತ್ತ ಅಲ್ರೀ, ನಿಮ್ಮ ಮೂಗು!"

ಎಲ್ಲರೂ ಕಾದರು. ಬತ್ತಿಯೂ ಕಾಯುತ್ತಾ ಉರಿಯಿತು. ಅಪ್ಪನ ಇಡೀ ಸರ್ವೀಸಿನಲ್ಲಿ ಯಾರೊಬ್ಬರೂ "ನಿಮಗೇನನ್ನಿಸುತ್ತೆ" ಎಂದು ಕೇಳಿರಲಿಲ್ಲ ಎನ್ನುವುದು ಆ ಕ್ಷಣ ನನಗೆ ಹೊಳೆದು ಸಂಕಟವಾಯಿತು. ಕೊನೆಗೆ ಅವರು, ಯಾರಿಗೂ ಕೇಳಿಸದಿರಲಿ ಎನ್ನುವಂತೆ, "ಕೊನೇಲಿ... ಒಂಚೂರು ಘಾಟು" ಎಂದರು.

"ವಾಹ್!" ಎಂದು ಸಾಬರು ಚಪ್ಪಾಳೆ ತಟ್ಟಿದರು. "ಲವಂಗ ಜಾಸ್ತಿ ಆಯ್ತು ಅಂತ ನನಗೂ ಅನುಮಾನ ಇತ್ತು. ಶುಕ್ರಿಯಾ ಸಾಮಿ!"

ಅಪ್ಪ ಸುತ್ತ ನೋಡಿದರು. ಕಟ್ಟಡ ಕುಸಿಯಲಿಲ್ಲ, ಆಕಾಶ ಬೀಳಲಿಲ್ಲ. ಗಂಟಲು ಸರಿಪಡಿಸಿಕೊಂಡು, "ಹೊರಗಿನ ಬೋರ್ಡು ಸೊಟ್ಟಗಿದೆ" ಎಂದರು. ಯಜಮಾನರು ಹೌದೆಂದರು. "ಆ ಬೆಂಚು ಬಿಸಿಲಿಗಿದೆ, ನೆರಳಿಗೆ ಹಾಕಿಸಿ." ಇಬ್ಬರು ಹೋಗಿ ಎತ್ತಿ ಹಾಕಿದರು. "ಮತ್ತೆ, ತಪ್ಪು ತಿಳೀಬೇಡಿ, ಈ ಕರಿ ಕೋಟು ನಿಮಗೆ ಒಪ್ಪಲ್ಲ." ಯಜಮಾನರು ಅಲ್ಲೇ ಕೋಟು ಬಿಚ್ಚಿ ಮೊಳೆಗೆ ತಗುಲಿಸಿದರು. ನಾನು ಅಪ್ಪನನ್ನೇ ನೋಡುತ್ತಾ ನಿಂತುಬಿಟ್ಟೆ. ಅವರು ಒಂದು ಗೇಣು ಎತ್ತರವಾಗಿದ್ದರು.

ಮರಳುವಾಗ ಜಟಕಾದಲ್ಲಿ ಅಪ್ಪ, "ಎಂ.ಎಸ್ಸಿ.ಗೆ ಸೇರ್ಕೊ ಮಗಳೇ" ಎಂದರು. "ಇಂಥ ಕಡೆ ನಿಂತು ಮಾತಾಡ್ಬೇಕಾದ್ರೆ ಓದಿರಬೇಕು." ನನಗೆ ಸಂತೋಷಕ್ಕೆ ಮಾತೇ ಹೊರಡಲಿಲ್ಲ. ಅವರ ಮಾತು ಮಾತ್ರ ನಿಲ್ಲಲಿಲ್ಲ. ಕುದುರೆಗೆ ಲಾಳ ಸರಿಯಿಲ್ಲ ಎಂದು ಜಟಕಾದವನಿಗೆ ಹೇಳಿದರು. ಬೀದಿ ತಿರುವಿನಲ್ಲಿ ಮನೆಯ ಮಾಲೀಕರು ಸಿಕ್ಕಾಗ ಸೂರು ಸೋರುವುದನ್ನೂ ಹೇಳಿಬಿಟ್ಟರು.

ಮನೆಯಲ್ಲಿ ಅಮ್ಮ ಆತಂಕದಿಂದ ತಟ್ಟೆ ಹಾಕಿದಳು. ಮುದ್ದೆ ಮುರಿದು ಬಸ್ಸಾರಿಗೆ ಅದ್ದಿ ಬಾಯಿಗಿಟ್ಟ ಅಪ್ಪ, ಮದುವೆಯಾದಾಗಿನಿಂದ ಊಟದ ವಿಷಯಕ್ಕೆ ತುಟಿ ಬಿಚ್ಚದ ಅಪ್ಪ, ತಲೆಯೆತ್ತಿ, "ಹುಣಿಸೆ ಹಣ್ಣು ಹೆಚ್ಚು. ಮೊದಲಿಂದಲೂ ಹೆಚ್ಚೇ" ಎಂದರು.

ಅಮ್ಮನ ಕೈಯಿಂದ ಸೌಟು ಜಾರಿತು. ಅಪ್ಪನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಸೊಂಟಕ್ಕೆ ಕೈಯಿಟ್ಟಳು.

"ಅಲ್ರೀ, ಮಗಳ ಬಾಯಿಗೆ ಬೀಗ ಹಾಕಿಸ್ಕೊಂಡು ಬನ್ನಿ ಅಂತ ಕಳಿಸಿದ್ರೆ, ನಿಮ್ಮ ಬಾಯಿ ಬೀಗಾನೂ ತೆಗೆಸ್ಕೊಂಡು ಬಂದ್ಬುಟ್ರಲ್ರೀ!"