ಮೊಗುಲಪ್ಪನ ಸರಕಾರಿ ಹೊಟ್ಟೆ

ಮೊಗುಲಪ್ಪನ ಹೊಟ್ಟೆ ಸರಕಾರದ ವಶಕ್ಕೆ ಹೋಗಿ ಆರು ತಿಂಗಳಾಗಿತ್ತು.

ಎಲ್ಲೋ ಒಂದು ಹಾಸ್ಟೆಲಿನಲ್ಲಿ ಮಕ್ಕಳು ಊಟ ಮಾಡಿ ವಾಂತಿ ಮಾಡಿಕೊಂಡರು. ಕೊಳೆತ ತರಕಾರಿ ಕಳಿಸಿದವರು ಯಾರು, ಹುಳ ಹರಿದಾಡುವ ಅಕ್ಕಿಗೆ ಮೊಹರು ಒತ್ತಿದವರು ಯಾರು ಎಂದು ಕೇಳುವ ಬದಲು ಮೇಲಿನವರು ಒಂದು ಸುತ್ತೋಲೆ ಹೊರಡಿಸಿದರು. ಮಕ್ಕಳಿಗೆ ಬಡಿಸುವ ಮೊದಲು ಶಾಲೆಯ ಹಿರಿಯರೊಬ್ಬರು ಉಣ್ಣಬೇಕು. ಅರ್ಧ ಗಂಟೆ ಕೂತು ಕಾಯಬೇಕು. ಏನೂ ಆಗದಿದ್ದರೆ ‘ರುಚಿ ರಿಜಿಸ್ಟರಿ’ನಲ್ಲಿ ಸಹಿ ಹಾಕಬೇಕು.

ಮಕ್ತಲ್‌ನಿಂದ ಕೃಷ್ಣಾ ಹೊಳೆಯ ದಾರಿ ಹಿಡಿದರೆ ಸಿಗುವ ಹೊಳೆಸಂಗದ ಶಾಲೆಯಲ್ಲಿ ಹಿರಿಯರಿಗೇನೂ ಬರಗಾಲವಿರಲಿಲ್ಲ. ಆದರೆ ಹೆಡ್ಮಾಸ್ತರ ವೀರಯ್ಯನವರಿಗೆ ಗ್ಯಾಸು. ವಿಜ್ಞಾನ ಕಲಿಸುವ ಕಲ್ಯಾಣ್ ಸಾರ್‌ಗೆ ಸೋಮವಾರ ಶಿವನ ಉಪವಾಸ, ಗುರುವಾರ ಗುರುವಿನದು, ಶನಿವಾರ ಹನುಮಪ್ಪನದು; ಮಿಕ್ಕ ದಿನ ಹೆಂಡತಿ ಕಟ್ಟಿದ ಡಬ್ಬಿ. ಹೀಗೆ ಸೋಸುತ್ತ ಸೋಸುತ್ತ ಕೆಳಗೆ ಉಳಿದ ಚರಟವೇ ಔಟ್‌ಸೋರ್ಸಿಂಗ್ ಅಟೆಂಡರ್ ಮೊಗುಲಪ್ಪ. ಗಂಟೆ ಬಾರಿಸುವುದು, ಕಕ್ಕಸು ತೊಳೆಯುವುದು, ನೀರು ಹಿಡಿಯುವುದು ಅವನ ಕೆಲಸಗಳಾಗಿದ್ದವು. ಈಗ ಸಾಯುವುದಾದರೆ ಎಲ್ಲರಿಗಿಂತ ಮೊದಲು ಸಾಯುವುದೂ ಸೇರಿತು.

ಬುಧವಾರ ನಾರಾಯಣಪೇಟೆಯ ಒಂದು ಫಂಕ್ಷನ್ ಹಾಲಿನಲ್ಲಿ ‘ಸುರಕ್ಷಿತ ಊಟ’ದ ತರಬೇತಿ ಇತ್ತು. ವೀರಯ್ಯನವರು ತಮ್ಮ ಬದಲು ಮೊಗುಲಪ್ಪನನ್ನೇ ಕಳಿಸಿದರು. ಶಾಲೆಗಳ ಊಟದ ಉಸ್ತುವಾರಿಯೂ ಆಗಿದ್ದ ತರಬೇತಿಯ ಅಧಿಕಾರಿ ಉದಯಕುಮಾರ್ ಸಾಹೇಬರು ಬೆಳಗ್ಗೆ ಒಂಬತ್ತಕ್ಕೆ ಮೈಕು ಹಿಡಿದು, “ನಿಜವಾಗ್ಲೂ ದಿನಾ ರುಚಿ ನೋಡೋರು ಇಲ್ಲಿ ಯಾರಿದ್ದೀರಿ? ಕೈ ಎತ್ರಿ” ಎಂದರು. ಇಡೀ ಹಾಲಿನಲ್ಲಿ ಎದ್ದದ್ದು ಒಂದೇ ಕೈ. ಸಾಹೇಬರು ಅವನನ್ನು ವೇದಿಕೆಗೆ ಕರೆದು ‘ಆದರ್ಶ ರುಚಿಗಾರ’ ಎಂದು ಶಾಲು ಹೊದಿಸಿದರು, ಒಂದು ದೊಡ್ಡ ಪುಸ್ತಕ ತೆರೆದು ಸಹಿ ಹಾಕಿಸಿದರು, ಫೋಟೊ ಹೊಡೆಸಿದರು. “ಇದು ಯಾವುದಕ್ಕ ಸಹಿ ರೀ?” ಎಂದು ಮೊಗುಲಪ್ಪ ಕೇಳಿದ. “ಕ್ಯಾಮೆರಾ ಕಡೆ ನೋಡಯ್ಯಾ” ಎಂದರು ಸಾಹೇಬರು.

ಮರುದಿನ, ಅಂದರೆ ಗುರುವಾರ, ನಸುಕಿನಲ್ಲೇ ಮೊಗುಲಪ್ಪನ ಹೊಟ್ಟೆಯೊಳಗೆ ಯಾರೋ ಟ್ರ್ಯಾಕ್ಟರು ಚಾಲೂ ಮಾಡಿದರು. ಬೆಳಗಾಗುವಷ್ಟರಲ್ಲಿ ಎರಡು ಸಲ ಚೊಂಬು ಹಿಡಿದು ಓಡಿದ್ದಾಯಿತು. ಮನೆಯಲ್ಲಿ ಮಲಗಬೇಕಿತ್ತು. ಆದರೆ ಅವನಂಥವರಿಗೆ ರಜೆ ಎಂಬ ಪದವನ್ನು ಸರಕಾರ ಇನ್ನೂ ಕಂಡುಹಿಡಿದಿರಲಿಲ್ಲ. ಒಂದು ದಿನ ತಪ್ಪಿಸಿದರೆ ಏಜೆನ್ಸಿಯವನು ಮರುದಿನ ಬೇರೆ ಮುಖ ತಂದು ನಿಲ್ಲಿಸುತ್ತಿದ್ದ. ಮೊಗುಲಪ್ಪ ಹೊಟ್ಟೆಗೆ ಪಂಚೆ ಬಿಗಿದು ಕಟ್ಟಿಕೊಂಡು, ಯಾರಿಗೂ ಹೇಳದೆ ಶಾಲೆಗೆ ಬಂದ.

ಹನ್ನೊಂದೂವರೆಗೆ ಅಡುಗೆಯ ಬುಗ್ಗಮ್ಮ ಕೂಗಿದಳು. “ಬಾರೋ ಯಣ್ಣಾ, ಶಾಲು ಹೊದ್ದ ದೊರಿ! ಉಂಡು ಸಾಯಿ ಬಾ, ಹುಡುಗ್ರು ಹಸಿದಾವು.”

ಬುಗ್ಗಮ್ಮ ಹತ್ತೊಂಬತ್ತು ವರ್ಷದಿಂದ ಆ ಒಲೆಯ ಮುಂದೆ ಹೊಗೆ ಕುಡಿದವಳು. ಬಂದ ಅಕ್ಕಿಯನ್ನು ಮೂರು ಸಲ ಕೇರಿ, ನಾಲ್ಕು ಸಲ ತೊಳೆದು ಬೇಯಿಸುವವಳು. ಅವಳ ಸಾಂಬಾರಿನ ವಾಸನೆಗೆ ಗೋಡೆಯಾಚೆಯ ಎಮ್ಮೆಗಳೂ ತಲೆ ಎತ್ತುತ್ತಿದ್ದವು. ಮೊಗುಲಪ್ಪ ತಡೆದು ತಡೆದು ಎರಡು ತುತ್ತು ನುಂಗಿದ. ಮೂರನೆಯದು ಗಂಟಲಲ್ಲೇ ನಿಂತು ಹಿಂದಿರುಗಿ ನೋಡಿತು. ಅವನು ಬಾಯಿ ಮುಚ್ಚಿಕೊಂಡು ಬೇವಿನ ಗಿಡದ ಕಡೆ ಓಡಿದ.

ಕಲ್ಯಾಣ್ ಸಾರ್ ಗಡಿಯಾರ ನೋಡಿಕೊಂಡರು. “ಏಳೇ ನಿಮಿಷ! ಭಾರೀ ಕಡಕ್ ವಿಷ ಐತಿ ಸಾರ್ ಇದು!”

ವೀರಯ್ಯನವರು ಖುರ್ಚಿಯಿಂದ ಎದ್ದ ರಭಸಕ್ಕೆ ಅವರ ಗ್ಯಾಸೆಲ್ಲ ಮಾಯವಾಯಿತು. “ಏ ಮೊಗುಲಪ್ಪಾ, ಸಾಲಿ ಒಳಗ ವಾಂತಿ ಮಾಡಬ್ಯಾಡೋ! ಗೇಟಿನ ಹೊರಗ ಹೋಗಿ ಮಾಡ್ಕೋ! ಒಳಗ ಮಾಡಿದ್ರ ನನ್ನ ಹೆಸರು ಬರ್ತದ!”

ಗೇಟಿನ ಹೊರಗೆ ಬಿಸ್ಕತ್ತು ಮಾರುವ ನರಸಿಂಹಮ್ಮ ಕಾದೇ ಇದ್ದಳು. ಒಂದು ಕೈಯಲ್ಲಿ ಸೋಡಾ, ಇನ್ನೊಂದರಲ್ಲಿ ಉಪ್ಪು. “ಉಪ್ಪಿನ ನೀರು ಕುಡಿದು ಗಂಟಲಾಗ ಬೊಟ್ಟು ಹಾಕ್ಕೋ, ಎಲ್ಲಾ ಹೊರಗ ಬರ್ಲಿ. ಆಮ್ಯಾಲೆ ಸೋಡಾ ಕುಡಿ. ಅದಕ್ಕೂ ನಿಲ್ಲಲಿಲ್ಲಂದ್ರ ನಮ್ಮೆಜಮಾನ್ರು ಎಮ್ಮಿಗಂತ ತಂದ ಗುಳಿಗಿ ಅದಾವು. ಅರ್ಧ ತಿಂದ್ರ ಸಾಕು.”

“ಏನೂ ಬ್ಯಾಡ ಅವ್ವಾ, ನನ್ನ ನನ್ನಷ್ಟಕ್ಕ ಸಾಯಾಕ ಬಿಡು” ಎಂದ ಮೊಗುಲಪ್ಪ.

ಒಳಗೆ ಬೇರೆಯದೇ ನಡೆದಿತ್ತು. ವೀರಯ್ಯನವರ ಅಪ್ಪಣೆಯಂತೆ ಕಲ್ಯಾಣ್ ಸಾರ್ ನಿಂತು ತಗ್ಗು ತೋಡಿಸಿದರು. ನೂರಾ ನಲವತ್ತು ಮಕ್ಕಳ ಅನ್ನ, ಕಾಯಿಪಲ್ಲೆ ಹಾಕಿದ ಸಾಂಬಾರು, ಅಪರೂಪಕ್ಕೆ ಬಂದಿದ್ದ ಮೊಟ್ಟೆ ಎಲ್ಲ ಅದರೊಳಗೆ ಹೋಯಿತು. ಪರೀಕ್ಷೆಗೆಂದು ಒಂದು ಸೌಟು ಎತ್ತಿಡಬೇಕೆಂಬ ಜ್ಞಾನ ವಿಜ್ಞಾನದ ಮೇಷ್ಟ್ರಿಗೂ ಬರಲಿಲ್ಲ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಂದಿದ್ದ ಮಕ್ಕಳು ತಾಟು ಹಿಡಿದುಕೊಂಡು ಸಾಲಾಗಿ ನಿಂತು ತಮ್ಮ ಊಟ ಮಣ್ಣಾಗುವುದನ್ನು ನೋಡಿದರು. ಒಂದು ಮಗುವೂ ಅಳಲಿಲ್ಲ. ಅಷ್ಟು ಚಿಕ್ಕ ವಯಸ್ಸಿಗೇ ಅವಕ್ಕೆ ರೂಢಿಯಾಗಿತ್ತು.

ಬುಗ್ಗಮ್ಮ ಗೇಟಿಗೆ ಬಂದು ಮೊಗುಲಪ್ಪನ ಮುಖ ನೋಡಿದಳು. “ನನ್ನ ಸಾಂಬಾರಿನಿಂದನೇ ಆತೇನೋ ಯಣ್ಣಾ? ಖರೇ ಹೇಳು.”

ಮೊಗುಲಪ್ಪ ನೆಲ ನೋಡಿದ. ಖರೇ ಹೇಳಿದರೆ ರೋಗ ಮುಚ್ಚಿಟ್ಟು ರುಚಿ ನೋಡಿದ್ದಕ್ಕೆ ತನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಅವಳ ಒಲೆ ಹೋಗುತ್ತದೆ. ಉತ್ತರಕ್ಕೆ ಮೊದಲೇ ಹೊಟ್ಟೆ ಕರೆಯಿತು. ಅವನು ಓಡಿದ.

ಕೊನೆಗೆ ವೀರಯ್ಯನವರು, ಕಲ್ಯಾಣ್ ಸಾರ್, ಬುಗ್ಗಮ್ಮ ಮೂವರೂ ಸೇರಿ ಆಟೊದಲ್ಲಿ ಹಾಕಿ ಅವನನ್ನು ಸರಕಾರಿ ದವಾಖಾನೆಗೆ ತಂದರು. ಸುದ್ದಿ ತಿಳಿದು ಹಿಂದೆಯೇ ಜೀಪಿನಲ್ಲಿ ಉದಯಕುಮಾರ್ ಸಾಹೇಬರು ಬಂದರು. ಕೈಯಲ್ಲಿ ಟೈಪ್ ಮಾಡಿದ ಕಾಗದ, ಹಣೆಯ ಮೇಲೆ ಬೆವರು. ಯಾಕೋ ಒಂದು ಕಡೆ ನಿಲ್ಲಲಾರದೆ ಕಾಲು ಬದಲಿಸುತ್ತಿದ್ದರು.

“ಬುಗ್ಗಮ್ಮ ಯಾರು? ಇದರ ಮ್ಯಾಲೆ ಹೆಬ್ಬೆಟ್ಟು ಒತ್ತಮ್ಮಾ. ನಿನ್ನ ನಿರ್ಲಕ್ಷ್ಯದಿಂದ ಊಟ ಕೆಟ್ಟಿತು ಅಂತ ಒಪ್ಪಿಕೊಂಡಂಗ. ನಾಳೆಯಿಂದ ಬರಬ್ಯಾಡ.”

“ನಾ ಯಾಕ ಒತ್ಲಿ? ನನಗ ಸಹಿ ಬರ್ತದ” ಎಂದಳು ಬುಗ್ಗಮ್ಮ. “ಆದ್ರೆ ಮಾಡದ ತಪ್ಪಿಗೆ ಹಾಕಂಗಿಲ್ಲ.”

ನರ್ಸ್ ಭಾಗ್ಯಜ್ಯೋತಿ ಇಬ್ಬರ ನಡುವೆ ಓಆರ್‌ಎಸ್ ಲೋಟ ಹಿಡಿದು ನುಗ್ಗಿದಳು. “ಸರೀರಿ ಎಲ್ಲಾರೂ. ಯಣ್ಣಾ, ಇದನ್ನ ಗುಟುಕು ಗುಟುಕು ಕುಡಿ. ಗಟಗಟ ಕುಡಿದ್ರ ಮತ್ತ ವಾಂತಿ ಆಗ್ತದ. ಕೇಳದೆ ಭೇದಿ ನಿಲ್ಲೋ ಗುಳಿಗಿ ನುಂಗಬ್ಯಾಡ. ರಕ್ತ ಬಿದ್ರ, ಜ್ವರ ಏರಿದ್ರ, ಉಚ್ಚಿ ಕಮ್ಮಿ ಆದ್ರ ತಟ್ಟನೆ ಹೇಳಬೇಕು. ಈಗ ಹೇಳು, ಉಂಡಿದ್ದು ಎಷ್ಟೊತ್ತಿಗೆ? ಸುರು ಆಗಿದ್ದು ಎಷ್ಟೊತ್ತಿಗೆ?”

“ಉಂಡ ಏಳು ನಿಮಿಷಕ್ಕ” ಎಂದರು ಕಲ್ಯಾಣ್ ಸಾರ್, ಪ್ರಯೋಗದ ಫಲಿತಾಂಶ ಓದುವವರಂತೆ.

ಭಾಗ್ಯಜ್ಯೋತಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನೀವು ಸೈನ್ಸ್ ಸಾರ್ ಅಲ್ರೀ? ಕೆಟ್ಟ ಊಟ ಏಳು ನಿಮಿಷಕ್ಕ ಹೀಂಗ ಮಾಡ್ತದೇನ್ರಿ? ಭಾಳ ಜಲ್ದಿ ಅಂದ್ರೂ ಅರ್ಧ ಗಂಟಿ, ಒಂದು ಗಂಟಿ ಬೇಕು. ಎಷ್ಟೋ ಸಲ ಆರು ತಾಸು, ಒಂದು ದಿನ. ಕೆಲವು ಎರಡು ಮೂರು ದಿನಕ್ಕ ಕಾಣಿಸ್ಕೋತಾವು. ಇವತ್ತಿಂದು ಬಿಡು ಯಣ್ಣಾ. ನಿನ್ನೆ ಏನು ಉಂಡಿದ್ದಿ?”

ಸಾಹೇಬರ ಕೈಯಲ್ಲಿನ ಕಾಗದ ಬುಗ್ಗಮ್ಮನ ಮೂಗಿನ ಮುಂದೆಯೇ ಇತ್ತು. ಮೊಗುಲಪ್ಪ ಲೋಟ ಕೆಳಗಿಟ್ಟ.

“ಬುಗ್ಗಮ್ಮನ ತಪ್ಪಿಲ್ರಿ. ನನಗ ನಸುಕಿನ್ಯಾಗೇ ಸುರು ಆಗಿತ್ತು. ನೌಕರಿ ಹೋಗ್ತದಂತ ಅಂಜಿ ಮುಚ್ಚಿಟ್ಟೆ. ಆಕಿ ಸಾಂಬಾರು ಬಂಗಾರದಂಗ ಇತ್ರಿ. ನಿನ್ನೆ ನಾ ಮನ್ಯಾಗ ಉಂಡಿಲ್ಲ. ಉಂಡಿದ್ದು ಒಂದೇ, ನಾರಾಯಣಪೇಟೆ ತರಬೇತ್ಯಾಗ ಕೊಟ್ಟ ಕೋಳಿ ಬಿರಿಯಾನಿ ಪ್ಯಾಕೆಟ್ಟು.”

“ಏಮಯ್ಯಾ! ಅದಕ್ಕೇನಾಗಿತ್ತು?” ಎಂದು ಸಾಹೇಬರು ಗದರಿದರು.

“ಏನಾಗಿತ್ತಂತ ನಾ ಏನು ಹೇಳ್ಲಿ ಸಾರ್? ಬೆಳಿಗ್ಗೆ ಹತ್ತಕ್ಕ ಬಂದು ಬಿಸಿಲಿನ್ಯಾಗ ನಿಂತ ಗಾಡ್ಯಾಗ ಇದ್ವು. ಊಟ ಹ್ಯಾಂಗ ಕೆಡ್ತದ ಅಂತ ನೀವು ಭಾಷಣ ಮುಗಿಸಿದಾಗ ಮೂರೂ ಮುಕ್ಕಾಲು ಆಗಿತ್ತು.”

ಸಾಹೇಬರು ಉತ್ತರಕ್ಕೆಂದು ಬಾಯಿ ತೆರೆದರು, ಅಷ್ಟರಲ್ಲಿ ಅವರ ಮುಖ ಪಾಲಕ್ ಸೊಪ್ಪಿನ ಬಣ್ಣಕ್ಕೆ ತಿರುಗಿತು. ಕಾಗದ ಕೆಳಗೆ ಬಿತ್ತು. “ಬಾತ್ರೂಮ್ ಎಲ್ಲೈತಿ?” ಎಂದವರೇ ಜಿಲ್ಲೆಯ ಘನತೆಯನ್ನೆಲ್ಲ ಎರಡು ಕೈಯಲ್ಲಿ ಹಿಡಿದುಕೊಂಡು ಓಡಿದರು. ಅವರ ಫೋನು ಮೇಜಿನ ಮೇಲೆ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಭಾಗ್ಯಜ್ಯೋತಿ ಎತ್ತಿದಳು. ಆ ಕಡೆ ತರಬೇತಿಗೆ ಗದ್ವಾಲದಿಂದ ಬಂದಿದ್ದ ಹೆಡ್ಮಾಸ್ತರರೊಬ್ಬರು ನರಳಿದರು. ಮತ್ತೊಂದು ಕರೆ, ಇನ್ನೊಬ್ಬರು. ಸುರಕ್ಷಿತ ಊಟದ ತರಬೇತಿ ಪಡೆದವರೆಲ್ಲ ಚೊಂಬು ಹಿಡಿದಿದ್ದರು.

ಬುಗ್ಗಮ್ಮ ಕೆಳಗೆ ಬಿದ್ದ ಕಾಗದ ಎತ್ತಿ ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಗಿಸಿದಳು. “ಒಲಿ ಹೊತ್ತಿಸಾಕ ಬರ್ತದ” ಎಂದು ಮೊಗುಲಪ್ಪನ ಬೆನ್ನು ಸವರಿದಳು. ಅವನಿಗೆ ಆ ದಿನ ಮೊದಲ ಸಲ ಹೊಟ್ಟೆ ಹಗುರಾಯಿತು.

ಅದು ಬಹಳ ಹೊತ್ತು ಉಳಿಯಲಿಲ್ಲ. ಸಾಹೇಬರನ್ನು ಇಬ್ಬರು ಹಿಡಿದು ತಂದರು. ಇದ್ದದ್ದೊಂದೇ ಮಂಚ. “ಏಳೋ, ಸಾಹೇಬ್ರಿಗೆ ಜಾಗ ಬಿಡು” ಎಂದು ವೀರಯ್ಯನವರು ಮೊಗುಲಪ್ಪನನ್ನು ನೆಲಕ್ಕೆ ಇಳಿಸಿದರು. ಸಾಹೇಬರು ಮಲಗಿದಲ್ಲಿಂದಲೇ ಡ್ರೈವರಿಗೆ ಹೇಳಿ ಜೀಪಿನಿಂದ ತರಬೇತಿಯ ಆ ದೊಡ್ಡ ಪುಸ್ತಕ ತರಿಸಿದರು. ಬುಧವಾರದ ಪುಟ ತೆಗೆದು ಓದಿಸಿದರು.

“ಪದಾರ್ಥ: ಕೋಳಿ ಬಿರಿಯಾನಿ. ರುಚಿ ನೋಡಿದವರು: ಮೊಗುಲಪ್ಪ, ಆದರ್ಶ ರುಚಿಗಾರ. ಅರ್ಧ ಗಂಟೆಯ ನಂತರ: ಆರೋಗ್ಯ ಉತ್ತಮ, ಬಡಿಸಲು ಯೋಗ್ಯ.” ಕೆಳಗೆ ಸಹಿ. ಪಕ್ಕದಲ್ಲಿ ಶಾಲು ಹೊದ್ದು, ಪೆನ್ನು ಹಿಡಿದು, ಕ್ಯಾಮೆರಾ ನೋಡುತ್ತಿರುವ ಫೋಟೊ.

“ಈ ಸಹಿ ನಿಂದೇ ಅಲ್ಲಾ?” ಎಂದರು ಸಾಹೇಬರು.

“ನಂದೇ ರೀ. ಆದ್ರ ಒಂಬತ್ತಕ್ಕ ಹಾಕಿಸ್ಕೊಂಡ್ರಿ. ಪ್ಯಾಕೆಟ್ಟು ಬಂದಿದ್ದೇ ಹತ್ತಕ್ಕ!”

“ಇನ್ನೂ ಬಾರದ ಊಟಕ್ಕ ಯೋಗ್ಯ ಅಂತ ಸಹಿ ಹಾಕ್ದಿ? ಇದು ಇನ್ನೂ ದೊಡ್ಡ ತಪ್ಪು. ವೀರಯ್ಯಾ, ಇವನಿಗೆ ನೋಟೀಸು ಬರಿ. ಶಾಲು ವಾಪಸ್ ತಗೋ. ಇನ್ನೊಂದು ಬರ್ಕೋ, ಹೊಸ ಸುತ್ತೋಲೆ. ಅರ್ಧ ಗಂಟಿ ಸಾಲಂಗಿಲ್ಲ ಅಂತ ನರ್ಸಮ್ಮನೇ ಹೇಳ್ಯಾಳ. ಇನ್ನು ಮ್ಯಾಲೆ ರುಚಿಗಾರ ಉಂಡು ಇಪ್ಪತ್ನಾಲ್ಕು ತಾಸು ಕಾಯಬೇಕು. ಏನೂ ಆಗದಿದ್ರ ಅದೇ ಊಟ ಮಕ್ಕಳಿಗೆ ಬಡಿಸಬೇಕು.”

ವೀರಯ್ಯನವರು ಭಕ್ತಿಯಿಂದ ಬರೆದುಕೊಂಡರು. ಭಾಗ್ಯಜ್ಯೋತಿ ಹಣೆ ಚಚ್ಚಿಕೊಂಡಳು.

“ಅಂದ್ರ ನಾಳಿನ ಸಾಂಬಾರು ಇವತ್ತೇ ಮಾಡಿ ಇಡಬೇಕೇನ್ರಿ?” ಎಂದು ಬುಗ್ಗಮ್ಮ ಕೇಳಿದಳು.

“ಹೌದು.”

“ಒಂದು ದಿನ ಇಟ್ರ ಅದು ಹಳಸ್ತದಲ್ರೀ!”

ಸಾಹೇಬರು ನೆಲದ ಮೇಲೆ ಲೋಟ ಹಿಡಿದು ಕೂತಿದ್ದ ಮೊಗುಲಪ್ಪನ ಕಡೆ ಬೆರಳು ತೋರಿಸಿದರು.

“ಹಳಸಿದ್ರ ಗೊತ್ತಾಗ್ಲಿ ಅಂತಲೇ ಅಲ್ಲೇನಮ್ಮಾ, ಇವನನ್ನ ಇಟ್ಟಿದ್ದು?”