ಪೆಟ್ಟಿಗೆ ಮೂಸಿ ಜರ್ಮನ್ ಪದಗಳಿಗೆ ಬಾಲ ಹಚ್ಚುವುದನ್ನು ನಿರ್ಬಂಧಿಸುವ ಕುರಿತು

ಆಮದು ಸರಕಿನ ಜರ್ಮನ್ ಚೀಟಿ ವಿಭಾಗ
ಸಂಖ್ಯೆ: ಜಚೀವಿ/ಬಾಲ/17/ಮೂಸುವಿಕೆ
ಉಲ್ಲೇಖ: ಬಾಲದಕ್ಕನವರ ರಜೆ ಅರ್ಜಿ (ನಾಲ್ಕನೆಯದು)

ಜರ್ಮನ್ ಭಾಷೆಯಲ್ಲಿ ದೇಶ ಸೂಚಿಸುವ ವಿಶೇಷಣವು ಮುಂದಿರುವ ಸರಕನ್ನು ನೋಡಿ ಬಾಲವನ್ನು, ಅಂದರೆ ಪದದ ಕೊನೆಯನ್ನು, ಬದಲಿಸುತ್ತದೆ. ಫ್ರಾನ್ಸಿನ ಚೀಸಿಗೆ 'ಎರ್', ಇಟಲಿಯ ದೀಪಕ್ಕೆ 'ಎ', ಬೆಲ್ಜಿಯಂ ಬಿಯರಿಗೆ 'ಎಸ್'. ಈ ಚಂಚಲ ಸ್ವಭಾವವನ್ನು ಇಲಾಖೆಯು ಒಪ್ಪದಿದ್ದರೂ ಹಲ್ಲು ಕಚ್ಚಿ ಸಹಿಸಿಕೊಂಡಿದೆ.

1. ಪದದ ಬುಡವನ್ನು ಒಂದನೇ ಮೇಜು, ಬಾಲವನ್ನು ಎರಡನೇ ಮೇಜು ಬರೆಯತಕ್ಕದ್ದು. ಸರಕಿನ ಹೆಸರು ಗೋಪ್ಯವಾದ್ದರಿಂದ ಮೂರನೇ ಮೇಜಿನ ಮೊಹರಾದ ಲಕೋಟೆಯಲ್ಲಿರತಕ್ಕದ್ದು. ಬಾಲ ಹಚ್ಚಿದ ಮೇಲಷ್ಟೇ ಅದನ್ನು ತೆರೆಯತಕ್ಕದ್ದು.

2. ಸರಕು ಯಾವುದೆಂದು ತಿಳಿಯದೆ ಬಾಲ ಹಚ್ಚುವುದು ಹೇಗೆಂದು ಎರಡನೇ ಮೇಜಿನ ಗುಮಾಸ್ತೆ, ಅಂದರೆ ಕಚೇರಿಗೆಲ್ಲ ಬಾಲದಕ್ಕನಾದವರು, ಕೇಳಿರುವುದನ್ನು ಉದ್ಧಟತನವೆಂದು ಪರಿಗಣಿಸಲಾಗಿದೆ.

3. ಸದರಿಯವರು ಗೋದಾಮಿಗೆ ಹೋಗಿ, ಪೆಟ್ಟಿಗೆಗಳನ್ನು ಮೂಸಿ, ಆರುನೂರು ಚೀಟಿಗಳಿಗೆ ಸರಿಯಾದ ಬಾಲವನ್ನೇ ಹಚ್ಚಿರುವುದು ಕಂಡುಬಂದಿದೆ. "ಶುಕ್ರವಾರ ತಂಗಿ ಮದ್ವೆ ಸಾರ್. ಕೆಲ್ಸ ಮುಗಿಸದೆ ರಜೆ ಇಲ್ಲ ಅಂದ್ರಿ. ಮೂಸದೆ ಇನ್ನೇನ್ ಮಾಡ್ಲಿ?" ಎಂದು ಹೇಳಿಕೆ ನೀಡಿರುತ್ತಾರೆ. ಅನುಮತಿಯಿಲ್ಲದ ಮೂಗಿನಿಂದ ಸರಿ ಬರೆಯುವುದಕ್ಕಿಂತ ಅನುಮತಿ ಪಡೆದು ತಪ್ಪು ಬರೆಯುವುದು ಲೇಸೆಂದು ಸ್ಪಷ್ಟಪಡಿಸಲಾಗಿದೆ.

4. ಇನ್ನು ಮುಂದೆ ಮೂಗಿಗೆ ಪರವಾನಗಿ ಪಡೆಯತಕ್ಕದ್ದು. ಹೊಳ್ಳೆಗೊಂದು ಅರ್ಜಿ. ವಾಸನೆ ಬೀರದೆ ಅಸಹಕಾರ ತೋರಿರುವ ದೀಪಗಳಿಂದ ವಿವರಣೆ ಕೇಳಲಾಗಿದೆ.

5. ಸ್ವಿಟ್ಜರ್ಲೆಂಡಿನ ವಿಶೇಷಣವು ಯಾವ ಸರಕಿನ ಮುಂದೆಯೂ ಜಪ್ಪಯ್ಯ ಅಂದರೂ ಬಾಲ ಬದಲಿಸದಿರುವುದು ಅಶಿಸ್ತು. ಏಳು ದಿನಗಳೊಳಗೆ ಖುದ್ದು ಹಾಜರಾಗಲು ಅದಕ್ಕೆ ನೋಟಿಸ್ ನೀಡಲಾಗಿದೆ.

6. ಉಳಿದ ನಲವತ್ತು ಚೀಟಿಗಳನ್ನು ಮೂಸದೆ, ಲಕೋಟೆ ತೆರೆಯದೆ, ತಪ್ಪಿಲ್ಲದೆ ಮುಗಿಸುವವರೆಗೆ ಬಾಲದಕ್ಕನವರಿಗೆ ರಜೆಯಿಲ್ಲವೆಂದು ಈ ಮೂಲಕ ತಿಳಿಸಲಾಗಿದೆ. ಹೀಗೆ ಬರೆಯುವಾಗ ಇಲಾಖೆಗೂ ಕರುಳು ಚುರುಕ್ಕೆಂದಿದೆ. ಆದರೆ ಕರುಳಿಗೆ ಸಹಿ ಮಾಡುವ ಅಧಿಕಾರವಿರುವುದಿಲ್ಲ.

7. ಈ ಸುತ್ತೋಲೆಯ ಬೆರಳಚ್ಚು ಮುಗಿಯುವಷ್ಟರಲ್ಲಿ ಸದರಿಯವರು ಬಸ್ಸು ಹತ್ತಿರುವುದರಿಂದ, ಆ ನಲವತ್ತು ಬಾಲಗಳ ಹೊಣೆಯನ್ನು ವಿಭಾಗದ ಮುಖ್ಯಸ್ಥರೇ ಹೊರತಕ್ಕದ್ದು.

ಸಹಿ/-
ಮುಖ್ಯಸ್ಥರು ಹಾಗೂ ಪ್ರಭಾರ ಬಾಲದ ಗುಮಾಸ್ತರು
ಸ್ಥಳ: ಗೋದಾಮು, ಮೂರನೇ ಪೆಟ್ಟಿಗೆಯ ಪಕ್ಕ

ಪ್ರತಿಗಳು:
ಒಂದನೇ ಮೇಜಿಗೆ, ಮಾಹಿತಿಗಾಗಿ.
ಮೂರನೇ ಮೇಜಿಗೆ, ಮೊಹರಾದ ಲಕೋಟೆಯಲ್ಲಿ. ತೆರೆಯಕೂಡದು.
ಬಾಲದಕ್ಕನವರಿಗೆ, ಮದುವೆ ಮನೆಯ ವಿಳಾಸಕ್ಕೆ. ರಜೆ ಮಂಜೂರಾಗಿದೆ. ನಾಲ್ಕನೇ ಪೆಟ್ಟಿಗೆಯದು ಚೀಸೋ ಸಾಬೂನೋ ಎಂಬುದನ್ನು ಮರುಟಪಾಲಿನಲ್ಲಿ ತಿಳಿಸಲು ಕೈಮುಗಿದು ಕೋರಲಾಗಿದೆ.